ರುಚಿ ಗೊತ್ತಿಲ್ಲದ ಊಟ

ನನ್ನ ಹೆಂಡತಿಯ ಮೂಗು ಕೆಟ್ಟಿದೆ ಎಂದು ನಮಗೆ ಗೊತ್ತಾದದ್ದು ಹಾಲು ಸೀದ ದಿನ. ಅದಕ್ಕೆ ಮುಂಚೆ ಮನೆಯಲ್ಲಿ ಎಲ್ಲರಿಗೂ ಜ್ವರ ಬಂದು ಹೋಗಿತ್ತು. ಮೊದಲು ಮಗಳಿಗೆ, ಆಮೇಲೆ ನನಗೆ, ಕೊನೆಗೆ ಅವಳಿಗೆ. ಮೂವರೂ ಎದ್ದು ಓಡಾಡುವಂತಾಗಿ, ಸದ್ಯ ಇಷ್ಟಕ್ಕೇ ಮುಗಿಯಿತಲ್ಲ ಎಂದುಕೊಂಡಿದ್ದೆವು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಉದ್ದನೆಯ ಮನೆ. ಮುಂದೆ ಪವರ್‌ಲೂಮ್ ಮಗ್ಗಗಳು, ಹಿಂದೆ ಅಡುಗೆಮನೆ. ಮಗ್ಗ ಓಡುವಾಗ ಎಷ್ಟು ಕೂಗಿದರೂ ಕೇಳಿಸುವುದಿಲ್ಲ, ಆದರೆ ವಾಸನೆ ಬರುತ್ತದೆ. ಸೀದ ಹಾಲಿನ ವಾಸನೆ ಬಂತೆಂದು ಮಗ್ಗ ನಿಲ್ಲಿಸಿ ಒಳಗೆ ಹೋದರೆ, ಪಾತ್ರೆ ಕಪ್ಪಾಗಿ ಹೊಗೆ ಏಳುತ್ತಿದೆ. ಅವಳು ಒಲೆಗೆ ಬೆನ್ನು ಮಾಡಿಕೊಂಡು ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಾಳೆ.

"ಏನೇ, ಹಾಲು ಸೀದೋಗಿದೆಯಲ್ಲೇ" ಎಂದೆ.

ಅವಳು ಗಾಬರಿಯಿಂದ ಎದ್ದು ಒಲೆ ಆರಿಸಿದಳು. ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು. "ರೀ, ನಂಗೇನೂ ವಾಸ್ನೆ ಬರ್ತಾ ಇಲ್ಲ" ಎಂದಳು.

ನೆಗಡಿ ಇರಬೇಕು, ಸರಿಹೋಗುತ್ತದೆ ಎಂದು ಹೇಳಿ ನಾನು ಕೆಲಸಕ್ಕೆ ವಾಪಸ್ಸಾದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಬಾಯಿಗೆ ಇಡಲಾಗದಷ್ಟು ಉಪ್ಪಾಗಿತ್ತು. ಮಗಳು ನನ್ನ ಮುಖ ನೋಡಿದಳು, ನಾನು ಮಗಳ ಮುಖ ನೋಡಿದೆ. ಇಬ್ಬರೂ ಇನ್ನಷ್ಟು ಅನ್ನ ಕಲಸಿಕೊಂಡು ತಿಂದೆವು. ಹೆಂಡತಿಯೂ ಅದನ್ನೇ ತಿನ್ನುತ್ತಿದ್ದಳು, ಏನೂ ವ್ಯತ್ಯಾಸವಿಲ್ಲದವಳಂತೆ.

ನಮ್ಮ ಬೀದಿಯಲ್ಲಿ ಅವಳ ಕೈಯಡುಗೆಗೆ ಒಂದು ಮರ್ಯಾದೆ ಇತ್ತು. ಯಾರ ಮನೆಯಲ್ಲಾದರೂ ಗೃಹಪ್ರವೇಶವೋ ಸೀಮಂತವೋ ಇದ್ದರೆ, ಅಡುಗೆ ಭಟ್ಟರು ಬಂದಿದ್ದರೂ ಸರಿ, ಸಾರಿನ ಹದ ನೋಡಲು ಅವಳನ್ನು ಕರೆಯುತ್ತಿದ್ದರು. ಅವಳು ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿ, ಇನ್ನೊಂಚೂರು ಹುಣಸೆ ಬೇಕು ಎನ್ನುವಳು, ಅಷ್ಟೇ. ಅದರ ಬಗ್ಗೆ ಜಂಬ ಪಟ್ಟದ್ದನ್ನು ನಾನು ಕಂಡಿಲ್ಲ. ಅದು ತನ್ನದೊಂದು ಗುಣ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲವೆಂದು ಕಾಣುತ್ತದೆ.

ಊರಿನ ಕಿವಿ, ಮೂಗು, ಗಂಟಲು ಡಾಕ್ಟರು ಔಷಧಿ ಕೊಟ್ಟರು. ಗುಣವಾಗಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಜ್ವರದಿಂದ ಮೂಗಿನ ನರಗಳಿಗೆ ಏಟು ಬಿದ್ದಿದೆ, ನಾಲಿಗೆಯ ರುಚಿಯೂ ಮಂಕಾಗಿದೆ, ನರಗಳು ಮತ್ತೆ ಚಿಗುರಬೇಕು, ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ನಿಧಾನ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದರು. ದಿನಾ ಲವಂಗ, ನಿಂಬೆಸಿಪ್ಪೆ, ಇನ್ನೂ ಎರಡು ಮೂರು ಪದಾರ್ಥ ಮೂಸುತ್ತಾ, ಅದರ ವಾಸನೆ ಹೇಗಿತ್ತೆಂದು ಮನಸ್ಸಿನಲ್ಲಿ ನೆನೆಸಿಕೊಳ್ಳಬೇಕಂತೆ. ಅವಳು ಶ್ರದ್ಧೆಯಿಂದ ಮಾಡಿದಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅಲ್ಲೇ ಕೂತು ಕಣ್ಣು ಮುಚ್ಚಿಕೊಂಡು ಲವಂಗ ಮೂಸುತ್ತಿದ್ದುದು ಈಗಲೂ ನನ್ನ ಕಣ್ಣ ಮುಂದಿದೆ. ನಾನು ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದೆ. ಏನಾದರೂ ಬದಲಾಯಿತೇ ಎಂದು ಕೇಳುವ ಧೈರ್ಯವಾಗುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ವಾಸನೆ ಬರಲು ಶುರುವಾಯಿತು, ಆದರೆ ಕೆಟ್ಟದಾಗಿ. ಕಾಫಿ ಅವಳಿಗೆ ಕೊಳೆತ ನೀರಿನಂತೆ ನಾರುತ್ತಿತ್ತು. ಒಗ್ಗರಣೆ ಹಾಕಿದರೆ ರಬ್ಬರು ಸುಟ್ಟ ವಾಸನೆ. ಈರುಳ್ಳಿ ಹುರಿದರೆ ಮೋರಿಯ ವಾಸನೆ. ಡಾಕ್ಟರಮ್ಮನಿಗೆ ಹೇಳಿದರೆ, ಇದು ಒಳ್ಳೆಯ ಲಕ್ಷಣ, ನರಗಳು ತಪ್ಪುತಪ್ಪಾಗಿ ಜೋಡಣೆಯಾಗುತ್ತಿವೆ, ಮುಂದೆ ಸರಿಹೋಗಬಹುದು ಎಂದರು. ಒಳ್ಳೆಯ ಲಕ್ಷಣ ಅಂದದ್ದನ್ನು ಕೇಳಿ ನಾವು ಸಂತೋಷದಿಂದಲೇ ಬಸ್ಸು ಹತ್ತಿದೆವು. ಆದರೆ ಅವಳ ಊಟ ನಿಂತೇಹೋಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಮಗೆ ಅಡುಗೆ ಮಾಡಿಡುವಳು, ತಾನು ಎರಡು ತುತ್ತು ಅನ್ನಕ್ಕೆ ನೀರು ಹಾಕಿಕೊಂಡು ನುಂಗುವಳು. ಮುಂಗೈಗೆ ಬಿಗಿಯಾಗಿದ್ದ ಬಳೆ ಮೊಣಕೈವರೆಗೆ ಜಾರಲು ಶುರುವಾಯಿತು. ಅಡುಗೆ ನಾನು ಮಾಡುತ್ತೇನೆಂದರೂ ಬಿಡಲಿಲ್ಲ. ಬಿಟ್ಟ ಒಂದೆರಡು ಸಲ ನಾನು ಮಾಡಿದ ಒಗ್ಗರಣೆಯ ಹೊಗೆಗೆ ಅವಳು ಬೀದಿಗೆ ಹೋಗಿ ನಿಲ್ಲಬೇಕಾಯಿತು.

ಆ ಚಳಿಗಾಲದಲ್ಲಿ ನಮ್ಮ ತಾಲ್ಲೂಕಿನದೇ ಮಧುರೆ ಹಳ್ಳಿಯಿಂದ ಅವಳ ತಂಗಿ ಒಂದು ಚೀಲ ಅವರೆಕಾಯಿ ತಂದಳು. ಹೊಲದಿಂದ ಕಿತ್ತು ನೇರವಾಗಿ ತಂದದ್ದು, ಕೈಗೆ ಅಂಟುವಷ್ಟು ಸೊಗಡಿತ್ತು. ನಮ್ಮ ಕಡೆಯವರಿಗೆ ಅವರೆಯ ಸೊಗಡೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕತಂಗಿಯರಿಬ್ಬರೂ ಕೂತು ಕಾಳು ಬಿಡಿಸಿದರು, ನೆನೆಹಾಕಿ ಹಿತುಕಿದರು. ಈ ವಾಸನೆಯಾದರೂ ಅವಳಿಗೆ ಸಿಗಬಹುದು ಎಂದು ತಂಗಿಗೆ ಆಸೆ. ನನಗೂ ಇತ್ತು. ಹಿತುಕಿದ ಬೇಳೆ ಸಾರು, ರಾಗಿಮುದ್ದೆ ಮಾಡಿ ಎಲ್ಲರೂ ಒಟ್ಟಿಗೆ ಕೂತೆವು. ಅವಳು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಮುಖ ಬಿಗಿಹಿಡಿದು ನುಂಗಿದಳು. ಎರಡನೆಯ ತುತ್ತಿಗೆ ಎದ್ದು ಹಿತ್ತಲಿಗೆ ಓಡಿದಳು. ತಂಗಿ ಹಿಂದೆಯೇ ಹೋಗಿ ಬೆನ್ನು ನೀವಿದಳು. ನಾನು ಸಾರಿನ ಕೈಯಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ವಾಂತಿ ನಿಂತಮೇಲೆ ಅವಳು ಬಾವಿಕಟ್ಟೆಗೆ ಒರಗಿ ಅತ್ತಳು. ಮದುವೆಯಾದಾಗಿನಿಂದ ಅವಳು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ.

ನೂಡಲ್ಸ್ ಹೋಟೆಲ್ಲಿನ ಮಾತು ಎತ್ತಿದವಳು ಮಗಳು. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ದೇವನಹಳ್ಳಿಯಿಂದ ಮುಂದೆ ಏರ್‌ಪೋರ್ಟ್ ರಸ್ತೆಯ ಪಕ್ಕ ಒಂದು ಮಾಲ್ ಆಗಿದೆಯಲ್ಲ, ಅದರಲ್ಲಿ ಜಪಾನು, ಥಾಯ್ಲೆಂಡ್ ಕಡೆಯ ನೂಡಲ್ಸ್ ಮಾಡುವ ಹೋಟೆಲೊಂದಿತ್ತು. ದೊಡ್ಡ ಕಂಪನಿಯದು, ಊರೂರಲ್ಲಿ ಅಂಗಡಿಗಳಿವೆಯಂತೆ. ಸ್ನೇಹಿತೆಯರ ಜೊತೆ ಅಲ್ಲಿ ತಿಂದು ಬಂದಿದ್ದ ಮಗಳು, ತನ್ನ ಹುಟ್ಟಿದ ಹಬ್ಬಕ್ಕೆ ಅಮ್ಮನನ್ನೂ ಕರೆದುಕೊಂಡು ಹೋಗೋಣ ಎಂದಳು. ನಾನು ಬೇಡವೆಂದೆ. ಮನೆಯ ಮೊಸರನ್ನವೇ ಗಂಟಲಲ್ಲಿ ಇಳಿಯದವಳು ಅಲ್ಲಿ ಹೋಗಿ ಏನು ತಿಂದಾಳು? ನಾವು ತಿನ್ನುವುದನ್ನು ನೋಡಿಕೊಂಡು ಕೂರಬೇಕಾಗುತ್ತದೆ ಎಂದೆ. ಆದರೆ ಹೆಂಡತಿಯೇ, ಮಗು ಆಸೆಪಡುತ್ತಿದೆ, ಹೋಗೋಣ ಎಂದಳು.

ಸೀರೆಯ ಗಂಟುಗಳನ್ನು ಸಾಗಿಸುವ ಹಳೆಯ ವ್ಯಾನಿನಲ್ಲಿ ಭಾನುವಾರ ಮಧ್ಯಾಹ್ನ ಹೊರಟೆವು. ಹೋಟೆಲ್ಲಿನೊಳಗೆ ಕೆಂಪು ಕಾಗದದ ದೀಪಗಳು ತೂಗುತ್ತಿದ್ದವು. ಉದ್ದನೆಯ ಮರದ ಮೇಜು, ಎರಡು ಕಡೆ ಬೆಂಚು. ನಮ್ಮದೇ ಮೇಜಿನ ಇನ್ನೊಂದು ತುದಿಯಲ್ಲಿ ಗುರುತಿಲ್ಲದ ಸಂಸಾರವೊಂದು ಊಟ ಮಾಡುತ್ತಿತ್ತು. ಅಡುಗೆಮನೆಗೆ ಗಾಜಿನ ಗೋಡೆ. ಅಲ್ಲಿ ಆವಿಯ ನಡುವೆ ನಾಲ್ಕಾರು ಜನ ಬಗ್ಗಿ ಏಳುತ್ತಿದ್ದರು. ನಾನು ಹೆಂಡತಿಗೆ, ಬಾಗಿಲ ಹತ್ತಿರ ಕೂತ್ಕೊ, ವಾಸನೆ ಬಂದ್ರೆ ಹೊರಗೆ ಹೋಗ್ಬೋದು ಎಂದೆ. ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮಂಥವರ ಧ್ವನಿ ಸ್ವಲ್ಪ ಜೋರು. ಇಡೀ ಹೋಟೆಲು ತಿರುಗಿ ನೋಡಿತು. ಮಗಳು ತಲೆ ತಗ್ಗಿಸಿ ನಕ್ಕಳು.

ಚಿತ್ರಗಳಿದ್ದ ಕಾರ್ಡು ಕೊಟ್ಟರು. ಹೆಸರುಗಳು ನನಗೆ ಓದಲು ಬಂದರೂ ಏನೆಂದು ತಿಳಿಯುತ್ತಿರಲಿಲ್ಲ. ಮಗಳೇ ಹೇಳಿದಳು. ಅಮ್ಮನಿಗೆ ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದ, ಹುರಿಯದ, ಬರೀ ಬೇಯಿಸಿದ ಸೂಪಿನ ನೂಡಲ್ಸ್ ಬೇಕೆಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಬಟ್ಟಲು ಬಂತು. ಪುಟ್ಟ ಬೋಗುಣಿಯಷ್ಟು ದೊಡ್ಡದು. ತಿಳಿಯಾದ ಸೂಪಿನಲ್ಲಿ ಬಿಳಿಯ ನೂಡಲ್ಸ್, ಅಣಬೆ, ಏನೋ ಹಸಿರು ಸೊಪ್ಪು, ಮೇಲೆ ನಿಂಬೆಹೋಳು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾದಳು. ಸೆರಗು ಸ್ವಲ್ಪ ಸರಿಸಿದಳು. ಆಮೇಲೆ ಪೂರ್ತಿ ತೆಗೆದಳು. ಚಮಚದಲ್ಲಿ ಸೂಪು ಕುಡಿದಳು, ನೂಡಲ್ಸನ್ನು ಮುಳ್ಳುಚಮಚಕ್ಕೆ ಸುತ್ತಿಕೊಳ್ಳಲಾಗದೆ ಎಳೆಎಳೆಯಾಗಿ ಬಾಯಿಗೆಳೆದುಕೊಂಡಳು. ನಿಲ್ಲಿಸಲಿಲ್ಲ. ನಾನು, ಮಗಳು ನಮ್ಮ ಬಟ್ಟಲುಗಳನ್ನು ಮುಟ್ಟದೆ ಅವಳನ್ನೇ ನೋಡುತ್ತಾ ಕೂತೆವು. ಅವಳು ಒಂದು ಊಟವನ್ನು ಪೂರ್ತಿ ಮಾಡಿ ಎಷ್ಟು ಕಾಲವಾಗಿತ್ತೋ. ಕೊನೆಗೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ತಳದಲ್ಲಿದ್ದ ಸೂಪನ್ನೂ ಕುಡಿದು ಕೆಳಗಿಟ್ಟಳು. ಹಣೆಯಲ್ಲಿ ಬೆವರು ಮೂಡಿತ್ತು.

"ರುಚಿ ಬಂತಾ?" ಎಂದೆ.

"ಇಲ್ಲ ರೀ. ಬಿಸಿ ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ, ಅಷ್ಟೇ."

"ಮತ್ತೆ ಹೆಂಗೆ ತಿಂದೆ?"

ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. "ಇದು ಹೆಂಗಿರ್ಬೇಕು ಅಂತಾನೇ ನಂಗೊತ್ತಿಲ್ವಲ್ಲ. ನಮ್ಮ ಸಾರು ಹೆಂಗಿರ್ಬೇಕು ಅಂತ ಗೊತ್ತು, ಅದಕ್ಕೇ ಸಂಕಟ ಆಗೋದು. ಇದ್ರಲ್ಲಿ ಏನು ಕಳ್ಕೊಂಡೆ ಅಂತ ಗೊತ್ತಾಗಲ್ಲ."

ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಅಂದಿನಿಂದ ಪ್ರತಿ ಭಾನುವಾರ ಅಲ್ಲಿಗೆ ಹೋಗುವುದು ರೂಢಿಯಾಯಿತು. ಆದರೆ ವಾರಕ್ಕೊಂದು ಊಟದಲ್ಲಿ ಯಾರ ಮೈ ನಿಂತೀತು? ನಾನು ದಾರಿ ಹುಡುಕತೊಡಗಿದೆ. ಅಂಗಡಿಯಿಂದ ಅದೇ ಬಗೆಯ ಬಿಳಿಯ ನೂಡಲ್ಸ್ ತಂದು, ಮಗಳ ಫೋನಿನಲ್ಲಿ ನೋಡಿಕೊಂಡು, ಅಣಬೆ ಹಾಕಿ ಬೇಯಿಸಿದೆ. ಅವಳು ಬಾಯಿಗಿಟ್ಟು ಮೆಲ್ಲಗೆ ತಟ್ಟೆ ಸರಿಸಿದಳು. ನಾನು ಕೆಟ್ಟದಾಗಿ ಮಾಡಿರಬೇಕೆಂದುಕೊಂಡು, ಮಾರನೆಯ ವಾರ ಹೋಟೆಲ್ಲಿನಿಂದಲೇ ಪಾರ್ಸೆಲ್ ತಂದೆ. ನೂಡಲ್ಸ್ ಬೇರೆ, ಸೂಪು ಬೇರೆ ಡಬ್ಬಿಗಳಲ್ಲಿ ಕೊಟ್ಟಿದ್ದರು. ಬಿಸಿ ಮಾಡಿ ಮುಂದಿಟ್ಟೆ. ಅದೂ ಇಳಿಯಲಿಲ್ಲ.

"ಅದೇ ಕಣೇ, ಅಲ್ಲಿಂದಾನೇ ತಂದಿರೋದು" ಎಂದೆ.

"ನಂಗೊತ್ತು ರೀ. ಬೇಜಾರು ಮಾಡ್ಕೋಬೇಡಿ. ಈ ಅಡುಗೆಮನೇಲಿ ಕೂತ್ರೆ ನಾಲಿಗೆ ಸಾರಿಗೆ ಕಾಯುತ್ತೆ. ಏನು ಹಾಕಿದ್ರೂ ಅದಲ್ಲ ಅನ್ಸುತ್ತೆ."

ನಡುಮನೆಯಲ್ಲಿ ಕೂರಿಸಿ ನೋಡಿದೆ. ಮಹಡಿಯ ಮೇಲೆ ಚಾಪೆ ಹಾಸಿ ನೋಡಿದೆ. ಆಮೇಲೆ ಬಿಟ್ಟೆ. ನಲವತ್ತು ಥರದ ದಾರ ಗಂಟುಬಿದ್ದರೂ ಕೂತು ಬಿಡಿಸಬಲ್ಲೆನೆಂಬ ಹೆಮ್ಮೆ ನನಗಿತ್ತು. ಇಲ್ಲಿ ಎಲ್ಲಿ ಕೈಹಾಕಬೇಕೆಂಬುದೇ ತಿಳಿಯುತ್ತಿರಲಿಲ್ಲ. ಕೆಲವು ದಿನ ಬೆಳಿಗ್ಗೆಯೇ ಮಗ್ಗಕ್ಕೆ ಹೋಗಿ ಕೂತುಬಿಡುತ್ತಿದ್ದೆ, ಆ ಸದ್ದಿನಲ್ಲಿ ಅಡುಗೆಮನೆಯ ಕಡೆಯಿಂದ ಏನೂ ಕೇಳಿಸುವುದಿಲ್ಲವೆಂದು.

ಆ ನಡುವೆ ನೆಲಮಂಗಲದಿಂದ ನನ್ನ ಅಕ್ಕ ಬಂದಳು. ನಮ್ಮ ತಾಯಿ ತೀರಿಹೋದ ಮೇಲೆ ಈ ಮನೆಗೆ ಹಿರಿಯಳೆಂದರೆ ಅವಳೇ. ತಮ್ಮನ ಹೆಂಡತಿ ಒಣಗಿಹೋಗಿದ್ದನ್ನು ಕಂಡು ಅವಳಿಗೆ ದುಃಖವಾಯಿತು. ತಾನೇ ನಿಂತು ಬಸ್ಸಾರು ಮಾಡಿದಳು, ಮೆಂತ್ಯದ ಗಂಜಿ ಮಾಡಿದಳು. ಯಾವುದೂ ಒಳಗಿಳಿಯಲಿಲ್ಲ. ಭಾನುವಾರ ನಾವು ಹೋಟೆಲ್ಲಿಗೆ ಹೋಗುವ ವಿಷಯ ಬೀದಿಯವರಿಂದ ಅವಳ ಕಿವಿಗೆ ಬಿತ್ತು. ಅಡುಗೆಮನೆಯಲ್ಲಿ ನಿಂತು, ಹೆಂಡತಿಗೆ ಕೇಳಿಸುವ ಹಾಗೆಯೇ, ನನ್ನನ್ನು ಕೇಳಿದಳು:

"ಮನೇಲಿ ಬೇಯ್ಸಿದ್ದು ವಾಂತಿ ಬರುತ್ತೆ, ಹೋಟ್ಲಲ್ಲಿ ಬೇಯ್ಸಿದ್ದು ಇಳಿಯುತ್ತೆ. ಇದ್ಯಾವ ಕಾಯ್ಲೆ ಕಣೋ? ನಂಗರ್ಥ ಆಗ್ತಿಲ್ಲ."

ಡಾಕ್ಟರಮ್ಮ ಹೇಳಿದ್ದನ್ನು ಹೇಳಲು ಹೋದೆ. ನರ, ಚಿಗುರು ಎಂದೆಲ್ಲ ಶುರುಮಾಡಿ ನಡುವೆಯೇ ತಡವರಿಸಿದೆ. ನನ್ನ ಬಾಯಲ್ಲಿ ಅದು ನನಗೇ ನಂಬಿಕೆ ಬರದ ಕಥೆಯಂತೆ ಕೇಳಿಸಿತು. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಆ ಭಾನುವಾರ ಹೊರಡಲಿಲ್ಲ, ಮುಂದಿನ ಭಾನುವಾರವೂ ಇಲ್ಲ. ನಾನು ಕರೆದರೆ, ಬೇಡಿ, ಜನ ಏನೆಂದುಕೊಂಡಾರು ಎಂದಳು. ಒಂದು ದಿನ ಬಟ್ಟೆ ಒಣಗಿಹಾಕಲು ಮಹಡಿಗೆ ಹೋದವಳು ಮೆಟ್ಟಿಲಲ್ಲೇ ಕುಸಿದು ಕೂತಳು. ಎತ್ತಿಕೊಂಡು ಬಂದದ್ದು ಅಕ್ಕ ಮತ್ತು ನಾನು. ಅವಳು ಅಷ್ಟು ಹಗುರವಾಗಿದ್ದಾಳೆಂದು ಇಬ್ಬರಿಗೂ ಆಗಲೇ ಗೊತ್ತಾದದ್ದು.

ಅಕ್ಕ ಊರಿಗೆ ಹೋಗುವುದನ್ನು ಮುಂದೂಡಿದಳು. ಆ ಭಾನುವಾರ ತಾನೇ ಸೀರೆ ಉಟ್ಟು ಬಂದು ವ್ಯಾನಿನಲ್ಲಿ ಕೂತು, ಅವಳನ್ನೂ ಕರೆ ಎಂದಳು. ಹೋಟೆಲ್ಲಿನಲ್ಲಿ ಅಕ್ಕ ಬೆಂಚಿನ ಮೇಲೆ ಕಾಲು ಮಡಿಸಿಕೊಂಡು ಕೂತಳು, ತನಗೆ ಏನೂ ಬೇಡವೆಂದಳು. ಹೆಂಡತಿಯ ಬಟ್ಟಲು ಬಂತು. ಅವಳು ಸಂಕೋಚದಿಂದ ಅಕ್ಕನ ಕಡೆ ನೋಡಿ, ಚಮಚ ಎತ್ತಿದಳು. ಹಸಿದವರು ತಿನ್ನುವ ಹಾಗೆ ತಿಂದಳು. ಅಕ್ಕ ನೋಡುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. ಬಟ್ಟಲು ಮುಗಿದಾಗ ಕೈಚಾಚಿ ಹೆಂಡತಿಯ ಮುಂಗೈ ಹಿಡಿದಳು.

"ತಿನ್ನವ್ವ. ಎಲ್ಲಾದ್ರೂ ತಿನ್ನು. ನಾನು ಏನೋ ಅಂದ್ಬಿಟ್ಟೆ" ಎಂದಳು.

ಆಮೇಲೆ ಆರೇಳು ತಿಂಗಳು ಹಾಗೇ ಸಾಗಿತು. ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಉಳಿದ ದಿನ ಮಜ್ಜಿಗೆ, ಬಾಳೆಹಣ್ಣು, ಬೇಯಿಸಿದ ಗೆಣಸು ತಿನ್ನುವಳು. ಮುಖಕ್ಕೆ ಸ್ವಲ್ಪ ಕಳೆ ಬಂತು. ಹೋಟೆಲ್ಲಿನವರಿಗೂ ನಾವು ಪರಿಚಿತರಾದೆವು. ಹೋದ ಕೂಡಲೇ ಬಾಗಿಲ ಹತ್ತಿರದ ಜಾಗ ತೋರಿಸಿ, ಕೇಳದೆಯೇ ಅದೇ ಬಟ್ಟಲು ತರುತ್ತಿದ್ದರು. ಸದ್ಯ ಇದೊಂದಾದರೂ ನೆಲೆಯಾಯಿತಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಹಾಗಿರುವಾಗ ಒಂದು ಭಾನುವಾರ ಅವಳು ಅರ್ಧ ಬಟ್ಟಲಿಗೆ ಚಮಚ ಕೆಳಗಿಟ್ಟಳು. ಯಾಕೆ ಎಂದರೆ, ಯಾಕೋ ಬೇಡ ಎಂದಳು. ಅಡುಗೆಯವರು ಏನೋ ಬದಲಾಯಿಸಿದ್ದಾರೆ ಎಂದುಕೊಂಡು ನಾನು ಬಡಿಸುವ ಹೆಂಗಸನ್ನು ಕರೆದೆ. ಈಶಾನ್ಯದ ಕಡೆಯವಳು, ನಮ್ಮ ಜೊತೆ ಮಾತಾಡಿ ಮಾತಾಡಿ ಸ್ವಲ್ಪ ಕನ್ನಡ ಕಲಿತಿದ್ದಳು. ಏನೂ ಬದಲಾಗಿಲ್ಲ ಅಂಕಲ್, ದಿನಾ ಮಾಡೋದೇ ಎಂದಳು. ಒಳಗೆ ಹೋಗಿ ಕೇಳಿ ಬಾ ಎಂದೆ. ನನ್ನ ಧ್ವನಿ ಏರಿತ್ತು. ಹೆಂಡತಿ ನನ್ನ ತೋಳು ಮುಟ್ಟಿದಳು.

"ಅವ್ರದ್ದೇನೂ ತಪ್ಪಿಲ್ಲ, ಬಿಡಿ. ಇಷ್ಟು ದಿನ ತಿಂದೂ ತಿಂದೂ ನಂಗಿದೂ ಗೊತ್ತಾಗ್ಬಿಟ್ಟಿದೆ. ಬಟ್ಟಲು ಬರೋಕೆ ಮುಂಚೇನೇ ನಾಲಿಗೆ ಕಾಯ್ತಾ ಕೂತಿರುತ್ತೆ. ಅದು ಕಾಯೋ ರುಚಿ ಬರಲ್ಲ."

ನಾನು ಬಡಿಸುವವಳಿಗೆ ತಪ್ಪಾಯಿತಮ್ಮ ಎಂದೆ. ಅವಳು ನಕ್ಕು ಹೋದಳು. ಮನೆಯ ಊಟ ಗೊತ್ತಿರುವುದರಿಂದ ಆಗುವುದಿಲ್ಲ, ಗೊತ್ತಿಲ್ಲದ್ದು ಸ್ವಲ್ಪ ದಿನದಲ್ಲೇ ಗೊತ್ತಾಗಿಬಿಡುತ್ತದೆ. ಇನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಸುತ್ತಲೂ ಜನ ನಗುತ್ತಾ ತಿನ್ನುತ್ತಿದ್ದರು. ಹೆಂಡತಿ ನನ್ನನ್ನು ಸಮಾಧಾನ ಮಾಡುವವಳಂತೆ ಚಿತ್ರದ ಕಾರ್ಡನ್ನು ಎಳೆದುಕೊಂಡು, ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಇದು ತಿಂದಿಲ್ಲವಲ್ಲ, ಮುಂದಿನ ವಾರ ಇದನ್ನು ನೋಡೋಣ ಎಂದಳು.

ಈಗ ಹಾಗೆಯೇ ನಡೆದಿದೆ. ಒಂದು ಬಗೆ ಕೆಲವು ವಾರ ನಡೆಯುತ್ತದೆ, ಆಮೇಲೆ ಇನ್ನೊಂದು. ಕಾರ್ಡಿನಲ್ಲಿರುವುದೆಲ್ಲ ಮುಗಿದ ಮೇಲೆ ಏನೆಂಬ ಪ್ರಶ್ನೆಯನ್ನು ನಾವಿಬ್ಬರೂ ಎತ್ತುವುದಿಲ್ಲ. ಡಾಕ್ಟರಮ್ಮ ಈಗ ಭರವಸೆಯ ಮಾತು ಕಡಿಮೆ ಆಡುತ್ತಾರೆ. ಕಾಫಿಯ ನಾತ ಮೊದಲಿನಷ್ಟಿಲ್ಲ ಎಂದು ಅವಳು ಒಮ್ಮೆ ಹೇಳಿದಳು. ಮಾರನೆಯ ದಿನ, ಇಲ್ಲ, ಹಾಗೇ ಇದೆ ಎಂದಳು. ಮಗಳು ಓದು ಮುಗಿಸಿ ದಾಬಸ್‌ಪೇಟೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೊರಡುವ ಮುಂಚೆ ಸಾರಿನ ಉಪ್ಪು ನೋಡಿ ಅಮ್ಮನಿಗೆ ಹೇಳಿ ಹೋಗುತ್ತಾಳೆ. ಅಡುಗೆ ಚೆನ್ನಾಗಿಯೇ ಇರುತ್ತದೆ. ಅದನ್ನು ಚೆನ್ನಾಗಿದೆ ಎಂದು ಹೆಂಡತಿಯ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಹೇಳದಿದ್ದರೆ ಅವಳೇ ಕೇಳುತ್ತಾಳೆ.

ಹೋದ ವಾರ ಅವಳು ಆರಿಸಿದ್ದು ದಪ್ಪ ನೂಡಲ್ಸಿನ, ತೆಂಗಿನಹಾಲಿನ ಬಟ್ಟಲು. ಮೂರು ಚಮಚ ತಿಂದು, ಆಗಲ್ಲ ರೀ ಎಂದು ನನ್ನ ಕಡೆ ಸರಿಸಿದಳು. ನಾನು ತಿಂದು ಮುಗಿಸಿದೆ. ಆ ಹೋಟೆಲ್ಲಿನ ಊಟ ನನಗೆ ಒಂದು ದಿನವೂ ಹಿಡಿಸಿಲ್ಲ, ಅದನ್ನು ಅವಳಿಗೆ ಹೇಳಿಲ್ಲ. ವಾಪಸ್ಸು ಬರುವಾಗ ದೇವನಹಳ್ಳಿಯಲ್ಲಿ ರಸ್ತೆ ಬದಿ ಚಕ್ಕೋತ ಇಟ್ಟುಕೊಂಡು ಕೂತಿದ್ದರು. ಅವಳು ವ್ಯಾನು ನಿಲ್ಲಿಸಲು ಹೇಳಿ, ಇಳಿದು, ಒಂದನ್ನು ಕೈಯಲ್ಲಿ ತೂಗಿ ನೋಡಿ ತಂದಳು. ವ್ಯಾನಿನಲ್ಲೇ ಕೂತು ದಪ್ಪ ಸಿಪ್ಪೆ ಸುಲಿದೆ. ತೊಳೆ ಬಿಡಿಸಿ ಬಿಡಿಸಿ ಅವಳ ಕೈಗಿಟ್ಟೆ. ಅವಳು ಕಿಟಕಿಯ ಹೊರಗೆ ನೋಡುತ್ತಾ ನಿಧಾನಕ್ಕೆ ಅಗಿಯುತ್ತಿದ್ದಳು.

"ಹಲ್ಲಿಗೆ ಸಿಕ್ಕಿ ಸಿಡಿಯೋದು ಗೊತ್ತಾಗುತ್ತೆ" ಎಂದಳು.

ಇನ್ನೊಂದು ತೊಳೆ ಕೊಟ್ಟೆ. ಅದನ್ನೂ ತಿಂದಳು. ಮುಂದಿನದನ್ನು ಬೇಡವೆಂದು ತಲೆಯಾಡಿಸಿದಳು. ಉಳಿದ ಹಣ್ಣನ್ನು ಕಾಗದದಲ್ಲಿ ಸುತ್ತಿ ಮಗಳಿಗೆಂದು ಎತ್ತಿಟ್ಟು, ಕೈ ಒರೆಸಿಕೊಂಡು, ನಾನು ವ್ಯಾನು ಚಾಲೂ ಮಾಡಿದೆ.